ಗಿರಿಯಕ್ಕನ ನಿಧಾನದ ಕೈ

ನಮ್ಮ ಊರಿನಲ್ಲಿ ಎಣಿಸುವ ಕೆಲಸ ನಮ್ಮ ಮನೆಯದು. ಅಪ್ಪ ಎಣಿಸುತ್ತಿದ್ದ, ಅವನಾದ ಮೇಲೆ ನಾನು ಎಣಿಸಿದೆ. ವರ್ಷಕ್ಕೆ ಒಂದೇ ಬೆಳಗಿನ ಕೆಲಸ ಅದು. ಮಾಗಿ ಮುಗಿಯುವ ವಾರದಲ್ಲಿ ಊರಿನವರೆಲ್ಲ ಕೆರೆಯ ಸುತ್ತ, ನೀರಿನ ಅಂಚಿಗೇ ನಿಂತು ಕೈಗೆ ಕೈ ಸೇರಿಸುತ್ತಾರೆ. ತೂಬಿನ ಬಳಿ ನಿಂತ ಮೊದಲನೆಯವರು ಬಲಗೈಯನ್ನು ನೀರಿನಲ್ಲಿ ಅದ್ದುತ್ತಾರೆ. ಸ್ವಲ್ಪ ಹೊತ್ತಿಗೆ ನೀರಿನಿಂದ ಬಿಸುಪು ಏಳುತ್ತದೆ. ಅದು ಅವರ ಮೈಯನ್ನು ಹಾಯ್ದು ಎಡಗೈಗೆ ಬಂದು ಪಕ್ಕದವರ ಬಲಗೈಗೆ ದಾಟುತ್ತದೆ. ಹೀಗೆ ಒಬ್ಬರಿಂದ ಒಬ್ಬರಿಗೆ ಸಾಗಿ, ಕೆರೆಯನ್ನು ಒಂದು ಸುತ್ತು ಹಾಕಿ ತೂಬಿಗೇ ಮರಳುತ್ತದೆ. ಕೊನೆಯವರ ಎಡಗೈ ನೀರಿನಲ್ಲಿರುತ್ತದೆ. ಅಲ್ಲಿ ಬಿಸುಪು ಕೆರೆಗೆ ಇಳಿಯುವಾಗ ಒಂದಿಷ್ಟು ಆವಿ ಏಳುತ್ತದೆ. ಮೊದಲ ಕೈ ನೀರಿಗೆ ಬಿದ್ದಾಗಿನಿಂದ ಆ ಆವಿ ಕಾಣುವವರೆಗೆ ಎಷ್ಟು ಉಸಿರು ಎಂದು ನಾನು ಏರಿಯ ಮೇಲೆ ಕುಳಿತು ಎಣಿಸಬೇಕು. ಒಂದು ಉಸಿರಿಗೆ ಒಂದು ಕಲ್ಲಿನಂತೆ ಒಂದು ಮಡಕೆಯಿಂದ ಇನ್ನೊಂದಕ್ಕೆ ಹಾಕುತ್ತ ಹೋಗಬೇಕು. ಎರಡೂ ಕೈ ಬೇಕಾದ್ದರಿಂದ ಎಣಿಸುವವನು ಸಾಲಿನಲ್ಲಿ ನಿಲ್ಲುವಂತಿಲ್ಲ. ಅದಕ್ಕೆ ಬದಲಾಗಿ ಕೊನೆಯ ಆವಿ ಅವನ ಪಾಲು. ಓಡಿಹೋಗಿ ಅದು ಆರುವ ಮುನ್ನ ಕೈ ಅದ್ದಿದರೆ ಒಬ್ಬನಿಗೆ ಸಾಕಾಗುವಷ್ಟು ಸಿಗುತ್ತದೆ.

ಆ ಬಿಸುಪು ಒಂದು ವರ್ಷಕ್ಕೆ ಸಾಕಾಗುತ್ತದೆ. ಸಿಗದವರಿಗೆ ಪಾದದಿಂದ ಚಳಿ ಏರುತ್ತದೆ. ಬೆಂಕಿ, ಬಿಸಿಲು, ಕಂಬಳಿ ಇವೆಲ್ಲ ಚರ್ಮದವರೆಗೆ ಮಾತ್ರ.

ಯಾಕೆ ಎಣಿಸಬೇಕು ಎಂದು ಚಿಕ್ಕಂದಿನಲ್ಲಿ ಅಪ್ಪನನ್ನು ಕೇಳಿದ್ದೆ. "ಎಲ್ಲಿ ನಿಂತ್ಕೊಳ್ತದೆ ಅಂತ ನೋಡೋಕೆ ಕಣ್ಲ" ಎಂದಿದ್ದ. ಬಿಸುಪು ದಾಟುವಾಗ ಎಲ್ಲರ ಹೆಗಲೂ ಒಮ್ಮೆ ಸಡಿಲವಾಗಿ ಇಳಿಯುತ್ತದೆ. ಏರಿಯ ಮೇಲಿಂದ ನೋಡಿದರೆ ಗದ್ದೆಯ ಪೈರಿನ ಮೇಲೆ ಗಾಳಿ ಹೋದಂತೆ ಕಾಣುತ್ತದೆ. ಆ ಗಾಳಿ ಕೆಲವರ ಹತ್ತಿರ ಬಂದು ನಿಲ್ಲುತ್ತದೆ. ಕಾಯಿಲೆಯವರು, ಹೊಟ್ಟೆಗೆ ಸರಿಯಾಗಿ ಇಲ್ಲದವರು, ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡವರು. ಅಪ್ಪ ಆ ಹೆಸರುಗಳನ್ನು ನೆನಪಿಟ್ಟುಕೊಂಡು ಊರಿನ ಯಜಮಾನರಿಗೆ ಹೇಳುತ್ತಿದ್ದ. ಸಂಜೆಯೊಳಗೆ ಆ ಮನೆಗಳಿಗೆ ಒಂದೊಂದು ಹೊರೆ ಸೌದೆ, ಒಂದೊಂದು ಮೂಟೆ ರಾಗಿ ಹೋಗುತ್ತಿತ್ತು. ಎಣಿಕೆ ಹೆಚ್ಚಾದ ವರ್ಷ ಎರಡನೇ ಬೆಳೆಗೆ ತೂಬು ತೆಗೆಯುತ್ತಿರಲಿಲ್ಲ. ಊರಿಗೆ ಸುಸ್ತಾಗಿದೆ, ಕೆರೆಗೂ ಆಗಿರುತ್ತದೆ ಎನ್ನುತ್ತಿದ್ದರು.

ಗಿರಿಯಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ಮರಳಿ ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ಕೆರೆಯ ಜೊಂಡು ಕೊಯ್ದು ಒಣಗಿಸಿ ಚಾಪೆ ಹೆಣೆಯುತ್ತಿದ್ದಳು. ಹೆಣೆಯುವಾಗ ಅವಳ ಬೆರಳುಗಳು ಕಣ್ಣಿಗೆ ಸಿಗುತ್ತಿರಲಿಲ್ಲ. ಆದರೆ ಕೆರೆಯ ಸುತ್ತ ನಿಂತಾಗ ಬಿಸುಪು ಅವಳ ಹತ್ತಿರ ಬಂದು ನಿಂತೇಬಿಡುತ್ತಿತ್ತು. ಬೇರೆಯವರ ಹತ್ತಿರ ಒಂದೋ ಎರಡೋ ಉಸಿರು, ಅವಳ ಹತ್ತಿರ ನಲವತ್ತು. ಕಾಯಿಲೆಯಿಲ್ಲ, ಹಸಿವಿಲ್ಲ, ಆದರೂ ನಲವತ್ತು. ಅವಳ ಎಡಗಡೆಗೆ ಯಾವಾಗಲೂ ನೀರಗಂಟಿ ಮರಿಯಪ್ಪ ನಿಲ್ಲುತ್ತಿದ್ದ. ತೂಬು ತೆರೆದು ಮುಚ್ಚಿ, ಕಾಲುವೆಗಳಿಗೆ ನೀರು ತಿರುಗಿಸಿ, ಬದುಕಿಡೀ ಕೈಯನ್ನು ನೀರಿನಲ್ಲೇ ಇಟ್ಟವನು. ಅವನಿಂದಾಚೆಗೆ ನಿಂತವರು ಕಾದು ಕಾದು ಕೂಗುತ್ತಿದ್ದರು. "ಏನವ್ವಾ ಗಿರಿಯಮ್ಮ, ಒಲೆ ಮೇಲೆ ಇಟ್ಕೊಂಡು ತೊಳಸ್ತಾ ಇದ್ದೀಯಾ?" "ಬೆಂದ ಮೇಲೆ ಬಡಿಸ್ತೀನಿ, ಸುಮ್ನೆ ನಿಂತ್ಕೊ" ಎನ್ನುತ್ತಿದ್ದಳು ಅವಳು.

ರಾಜಧಾನಿಯಿಂದ ಅಳತೆ ಮೇಡಂ ಬಂದದ್ದು ನಾನು ಎಣಿಸಲು ಶುರುಮಾಡಿದ ಎಂಟನೇ ವರ್ಷ. ಅವರಿಗೆ ಬೇರೆ ಹೆಸರಿತ್ತು, ಆದರೆ ಊರು ಅವರನ್ನು ಹಾಗೇ ಕರೆಯಿತು. ಕೊಡೆ ಹಿಡಿದುಕೊಂಡು ಮನೆಮನೆಗೆ ಹೋಗಿ, ಸೂರು ಎಂಥದ್ದು, ಮಕ್ಕಳು ಎಷ್ಟನೇ ತರಗತಿ, ಮುದುಕರಿಗೆ ಎಷ್ಟು ವಯಸ್ಸು ಎಂದು ಕೇಳಿದ್ದರು. ಒಳ್ಳೆಯ ಹೆಂಗಸು. ಯಾರ ಮನೆಯಲ್ಲಿ ಮಜ್ಜಿಗೆ ಕೊಟ್ಟರೂ ಪೂರ್ತಿ ಕುಡಿಯುತ್ತಿದ್ದರು. ಕೈಸೇರಿಸುವ ದಿನ ನನ್ನ ಪಕ್ಕದಲ್ಲೇ ಏರಿಯ ಮೇಲೆ ಕುಳಿತು ನೋಡಿದರು. ಆವಿ ಎದ್ದಾಗ ನಾನು ಸಾವಿರದ ನಾನೂರ ಅರವತ್ತು ಎಂದೆ.

"ಇದು ತುಂಬಾ ಚೆನ್ನಾಗಿದೆ. ಇಡೀ ಊರು ಒಂದೇ ಸಂಖ್ಯೆಯಲ್ಲಿ ಸಿಗುತ್ತೆ. ಕಮ್ಮಿಯಾದಷ್ಟೂ ಒಳ್ಳೇದು, ಅಲ್ವಾ?" ಎಂದರು.

"ಹೌದು ಮೇಡಂ, ಕಮ್ಮಿಯಾದ್ರೆ ಒಳ್ಳೇದೇ" ಎಂದರು ಯಜಮಾನ ತೋಪಯ್ಯನವರು.

"ಹಂಗೇ ಅಂತ ಅಲ್ಲ..." ಎಂದೆ ನಾನು. ಆದರೆ ಅಷ್ಟರಲ್ಲಿ ನನ್ನ ಪಾಲಿನ ಆವಿ ಆರಿಹೋಗುತ್ತಿತ್ತು. ಮಾತನ್ನು ಅಲ್ಲೇ ಬಿಟ್ಟು ಓಡಿದೆ. ಮರಳಿ ಬರುವಷ್ಟರಲ್ಲಿ ಅವರು ಬರೆದುಕೊಂಡು ಆಗಿತ್ತು.

ಮುಂದಿನ ವರ್ಷ ಊರಬಾಗಿಲಿಗೆ ಒಂದು ಹಸಿರು ಹಲಗೆ ಬಂತು. ಅದರ ಮೇಲೆ ಬಿಳಿಯ ಬಣ್ಣದಲ್ಲಿ ನಮ್ಮ ಸಂಖ್ಯೆ. ಸಂಖ್ಯೆ ಇಳಿದಷ್ಟೂ ರಾಜಧಾನಿ ಏನಾದರೊಂದು ಕೊಡುತ್ತದೆ ಎಂದಾಯಿತು. ಮೊದಲು ಕೆರೆಯ ದಡಕ್ಕೆ ಪಂಪುಮನೆ ಬಂತು. ಆಮೇಲೆ ಬೀದಿಬೀದಿಗೆ ನಲ್ಲಿ. ಆಮೇಲೆ ಮೇಲುಬಯಲಿಗೂ ಕಬ್ಬು. ಶಾಲೆಗೆ ಹೊಸ ಸೂರು ಬಂದ ದಿನ ನಾನೂ ಕುಣಿದಿದ್ದೇನೆ. ಬಿಂದಿಗೆ ಹೊತ್ತು ಬಗ್ಗಿದ್ದ ಹೆಣ್ಣುಮಕ್ಕಳ ಬೆನ್ನು ನೆಟ್ಟಗಾಯಿತು. ಯಾವುದೂ ಸುಳ್ಳಲ್ಲ. ಪಂಪು ಹಗಲಿಡೀ ನೀರೆಳೆಯಿತು, ಕೆರೆಯ ಸುತ್ತು ಕಿರಿದಾಗಿ ಎಣಿಕೆ ಸಾವಿರದ ಮುನ್ನೂರಕ್ಕೆ ಇಳಿಯಿತು. ಇನ್ನೊಂದು ಪಂಪು ಬಂತು, ಸಾವಿರದ ನೂರಕ್ಕೆ ಇಳಿಯಿತು. ನೀರು ಹಿಂದೆ ಹೋಗ್ತಾ ಐತೆ ಎಂದು ಮರಿಯಪ್ಪ ಹೇಳಿದ. ಊರು ಮುಂದೆ ಹೋಗ್ತಾ ಐತೆ ಎಂದು ಯಜಮಾನರು ಹೇಳಿದರು. ಇಬ್ಬರೂ ಕೆರೆಯ ಒಂದೇ ಮೆಟ್ಟಿಲ ಮೇಲೆ ನಿಂತು ಹೇಳಿದ್ದರು.

ನೀರಿನ ಅಂಚು ಚಿಕ್ಕದಾದ ಮೇಲೆ ಅದರ ಸುತ್ತ ಊರಿನವರೆಲ್ಲ ಹಿಡಿಸಲಿಲ್ಲ. ಒಂದು ವರ್ಷ ಭುಜಕ್ಕೆ ಭುಜ ಒತ್ತಿಕೊಂಡು ನಿಂತರು. ಮರುವರ್ಷ ಅದೂ ಆಗುವಂತಿರಲಿಲ್ಲ. ಕೈಸೇರಿಸುವ ಹಿಂದಿನ ದಿನ ಯಜಮಾನರು ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕುಳಿತರು. "ರಾಚಯ್ಯ, ಬಿಸುಪು ಎಲ್ಲೆಲ್ಲಿ ನಿಂತ್ಕೊಳ್ತದೆ ಅಂತ ನಿಂಗೆ ಗೊತ್ತಲ್ಲ. ಒಂದು ಅರವತ್ತು ಹೆಸರು ಹೇಳು" ಎಂದರು.

ಆ ಮಾತು ಕೇಳಿ ನನಗೆ ಸಂತೋಷವಾಯಿತು. ಎಷ್ಟೋ ವರ್ಷದಿಂದ ಯಾರೂ ಹಾಗೆ ಕೇಳಿರಲಿಲ್ಲ. ಸೌದೆ ಕಳಿಸುವ ಪದ್ಧತಿ ಮತ್ತೆ ಶುರುವಾಗುತ್ತಿದೆ ಎಂದುಕೊಂಡೆ. ನಮ್ಮ ಮನೆಗೂ ಒಂದು ಹೊರೆ ಬಂದರೆ ಬರಲಿ ಎಂದು ಗಿರಿಯಕ್ಕನ ಹೆಸರನ್ನೇ ಮೊದಲು ಹೇಳಿದೆ. ಆಮೇಲೆ ಮರಿಯಪ್ಪ. ಆಮೇಲೆ ಉಳಿದ ಐವತ್ತೆಂಟು. ಮರುದಿನ ಬೆಳಗ್ಗೆ ಆ ಅರವತ್ತು ಜನರನ್ನು ಸಾಲಿನಿಂದ ಬಿಡಿಸಿ ಏರಿಯ ಮೇಲೆ, ನನ್ನ ಹಿಂದೆ ಕೂರಿಸಿದರು. ಗಿರಿಯಕ್ಕ ನನ್ನ ಬೆನ್ನ ಹಿಂದೆಯೇ ಇದ್ದಳು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಎಣಿಕೆ ತಪ್ಪುತ್ತದೆ. ಆ ವರ್ಷ ಎಣಿಕೆ ಏಳುನೂರಕ್ಕೆ ಬಂತು.

"ಒಂದು ವರ್ಷ ತಾನೆ, ಕಂಬಳಿ ಐತೆ" ಎಂದಳು ಅವಳು ಮನೆಗೆ ಬಂದು. ಹೆಸರು ಕೊಟ್ಟವರು ಯಾರು ಎಂದು ಕೇಳಲಿಲ್ಲ. ಒಂದು ಊರಿಗೆ ಎಣಿಸುವವನು ಒಬ್ಬನೇ.

ಒಂದು ವರ್ಷ ಮೂರಾಯಿತು. ಪ್ರತಿ ಸಲ ಅಂಚು ಚಿಕ್ಕದಾಯಿತು, ಹೊರಗುಳಿಯುವವರು ಹೆಚ್ಚಾದರು. ಅರವತ್ತು ಹೋಗಿ ಇನ್ನೂರಾಯಿತು, ಆಮೇಲೆ ನಾನೂರಾಯಿತು. ನನ್ನನ್ನು ಹೆಸರು ಕೇಳುವ ಕಾಲವೂ ಮುಗಿಯಿತು. ಮನೆಗೆ ಇಷ್ಟು ಜನ ಎಂದು ಗೊತ್ತುಮಾಡಿದರು, ಯಾರು ಎಂದು ಮನೆಯವರೇ ತೀರ್ಮಾನಿಸಬೇಕು. ಹೆಚ್ಚಾಗಿ ಅತ್ತೆ ಉಳಿಯುತ್ತಿದ್ದಳು, ಇಲ್ಲವೇ ಸೊಸೆ. ಊರು ಇದಕ್ಕೂ ಒಗ್ಗಿಕೊಂಡಿತು. ಅಂಗಡಿಯವರು ಬೇಸಿಗೆಯಲ್ಲೂ ಉಣ್ಣೆಯ ಕಾಲುಚೀಲ ತರಿಸಿದರು. ಮದುವೆ ಮಾತುಕತೆಯಲ್ಲಿ ಹುಡುಗಿಗೆ ಚಳಿ ಎಲ್ಲಿಯವರೆಗೆ ಎಂದು ಕೇಳುವುದು ರೂಢಿಯಾಯಿತು. ಶಾಲೆಯ ಹಿಂದಿನ ಗೋಡೆಗೆ ಸಂಜೆಯವರೆಗೆ ಬಿಸಿಲು ಬೀಳುತ್ತದೆ. ಚಳಿಯವರು ಅಲ್ಲಿ ಸಾಲಾಗಿ ಬೆನ್ನು ಕೊಟ್ಟು ಕೂರುತ್ತಿದ್ದರು. ಒಳಗೆ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಮೊದಲು ಅದನ್ನು ಗೇಲಿ ಮಾಡುತ್ತಿದ್ದರು, ಆಮೇಲೆ ಇವರೂ ಜೊತೆಗೆ ಹೇಳತೊಡಗಿದರು.

ಗಿರಿಯಕ್ಕನಿಗೆ ಮೊದಲ ವರ್ಷ ಚಳಿ ಕಾಲಿನ ಹರಡಿನ ಮೂಳೆಯವರೆಗೆ ಇತ್ತು. ಎರಡನೇ ವರ್ಷ ಮಂಡಿ ದಾಟಿತು. ಮೂರನೇ ವರ್ಷ ಸೊಂಟಕ್ಕೆ ಬಂತು. ಜೊಂಡೂ ಮುಗಿದಿತ್ತು, ಕೆರೆಯಂಗಳದಲ್ಲಿ ಬಿರುಕು ಬಿಟ್ಟ ಹೂಳು ಮಾತ್ರ. ಹಳೆಯ ಚಾಪೆಯನ್ನೇ ಬಿಚ್ಚಿ ಮತ್ತೆ ಹೆಣೆಯುತ್ತ ಕೂರುತ್ತಿದ್ದಳು. "ಹೊಟ್ಟೆ ತನಕ ಬಂದೈತೆ ರಾಚ, ಇನ್ನು ಹಸಿವಾಗಲ್ಲ. ನಿಂಗೆ ಒಬ್ಬನಿಗೆ ಬೇಯಿಸಿದ್ರೆ ಸಾಕು" ಎಂದು ನಗುತ್ತಿದ್ದಳು. ನಗುವಾಗ ಅವಳ ಬಾಯಿಂದ ಮಂಜಿನಂತೆ ಉಸಿರು ಬರುತ್ತಿತ್ತು, ನಡು ಮಧ್ಯಾಹ್ನದಲ್ಲೂ.

ನಾಲ್ಕನೇ ವರ್ಷ ಕೈಸೇರಿಸುವ ದಿನಕ್ಕೆ ಒಂದು ವಾರ ಇದ್ದಾಗ ಅಳತೆ ಮೇಡಂ ಬಂದರು. ಶಾಲೆಯ ಗೋಡೆಯ ಹತ್ತಿರ ನಿಂತು ಚಳಿಯವರನ್ನು ತುಂಬ ಹೊತ್ತು ನೋಡಿದರು. ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡೆ. ಅವತ್ತೇ ಚಾವಡಿಯಲ್ಲಿ ಹೇಳಿದರು, ಈ ಸಲ ಎಣಿಕೆ ನಾನೂರರೊಳಗೆ ಬಂದರೆ ರಾಜಧಾನಿ ನಮಗೊಂದು ಬಿಸಿಮನೆ ಕಟ್ಟಿಸಿಕೊಡುತ್ತದೆ. ದಪ್ಪ ಗೋಡೆ, ನೆಲದ ಕೆಳಗೆ ಕುಲುಮೆ, ಐನೂರು ಜನಕ್ಕೆ ಮಂಚ. ಚಳಿಯವರು ಅಲ್ಲಿ ಇರಬಹುದು. ಜನ ಚಪ್ಪಾಳೆ ತಟ್ಟಿದರು.

ಸಂಜೆ ಗಿರಿಯಕ್ಕ ನನ್ನನ್ನು ಹತ್ತಿರ ಕರೆದಳು. ಕಂಬಳಿಯೊಳಗಿಂದ ಕೈ ತೆಗೆದು ತನ್ನ ಪಕ್ಕೆಲುಬಿನ ಮೇಲಿಟ್ಟು ತೋರಿಸಿದಳು. "ಇಲ್ಲೀಗಂಟ ಬಂದೈತೆ. ಇನ್ನು ನಾಕು ಬೆರಳು ಮೇಲಕ್ಕೆ ಹೋದ್ರೆ ಎದೆ. ಈ ಸಲ ನನ್ನ ನಿಲ್ಲಿಸು ರಾಚ."

"ನಮ್ಮನೆಗೆ ಈ ಸಲವೂ ಜಾಗ ಇಲ್ಲವಂತೆ ಅಕ್ಕ."

"ಜಾಗ ಮಾಡ್ಸು. ನೀನು ಕೇಳಿದ್ರೆ ತೋಪಯ್ಯ ಇಲ್ಲ ಅನ್ನಲ್ಲ."

"ನೀನು ನಿಂತ್ರೆ ಎಣಿಕೆ ನಲವತ್ತು ಜಾಸ್ತಿ ಆಗ್ತದೆ. ನಾನೂರು ದಾಟ್ತದೆ. ಬಿಸಿಮನೆ ಹೋಗ್ತದೆ. ಅದು ನಿನಗೇ ಅಲ್ವಾ ಕಟ್ಟೋದು?"

"ನನ್ನ ಹೊರಗಿಟ್ಟು ನಂಗೆ ಮನೆ ಕಟ್ತೀರಾ?" ಎಂದಳು. ಬೈಗುಳವಾಗಿರಲಿಲ್ಲ ಅದು. ಚಾಪೆಯ ಎಳೆ ಎಲ್ಲಿ ತಪ್ಪಿತು ಎಂದು ಹುಡುಕುವವಳಂತೆ ಕೇಳಿದಳು.

ಆದರೂ ನಾನು ಮೇಡಂ ಹತ್ತಿರ ಹೋದೆ. ಒಬ್ಬಳನ್ನು, ನಿಧಾನದವಳನ್ನು, ಸೇರಿಸಬಹುದೇ ಎಂದು ಕೇಳಿದೆ. "ಸೇರಿಸಿ, ಯಾರು ಬೇಡ ಅಂದ್ರು? ನಾನು ಬರೋ ಸಂಖ್ಯೆ ಬರ್ಕೊಳ್ಳೋದಷ್ಟೆ. ಆದರೆ ರಾಚಯ್ಯ, ಒಬ್ಬರಿಗೋಸ್ಕರ ಐನೂರು ಜನರ ಮನೆ..." ಎಂದು ನಿಲ್ಲಿಸಿದರು. ಆ ಮಾತನ್ನು ಅವರು ಮುಗಿಸಲಿಲ್ಲ, ನಾನೇ ಮುಗಿಸಿಕೊಂಡು ಮನೆಗೆ ಬಂದೆ. ಒಂದು ವರ್ಷ ಅಕ್ಕ, ಬಿಸಿಮನೆ ಆಗಲಿ ಎಂದೆ. ಅವಳು ಹೂಂ ಎಂದಳು.

ಆ ಬೆಳಗ್ಗೆ ನಾನೂರ ಅರವತ್ತು ಜನ ನಿಂತಿದ್ದರು, ಎಲ್ಲ ಚುರುಕಿನ ಕೈಗಳು. ಹೆಗಲುಗಳ ಮೇಲೆ ಗಾಳಿ ನಿಲ್ಲದೆ ಓಡಿತು. ಹೆಗಲುಗಳು ಇಳಿದವೋ ಇಲ್ಲವೋ ಎಂಬಂತೆ ಓಡಿತು. ಮುನ್ನೂರ ತೊಂಬತ್ತೊಂದಕ್ಕೆ ಆವಿ ಎದ್ದಿತು, ಬೀಡಿಯ ಹೊಗೆಯಷ್ಟು. ಯಜಮಾನರು ಪೇಟ ತೆಗೆದು ಮೇಲಕ್ಕೆಸೆದರು. ನಾನು ಓಡಿಹೋಗಿ, ಪ್ರತಿ ವರ್ಷದಂತೆ, ಎರಡೂ ಕೈಯನ್ನು ಆವಿಯಲ್ಲಿ ಅದ್ದಿದೆ.

ನನ್ನ ಕೈಗಳ ಬದಲು ಅವಳ ಕೈಗಳನ್ನು ಅದ್ದಬಹುದಿತ್ತು ಎಂಬುದು ನನಗೆ ಹೊಳೆದದ್ದು ಅವಳು ಹೋದ ಮೇಲೆ. ಅವಳನ್ನು ಹೊತ್ತುಕೊಂಡು ಬಂದು ಆವಿ ಏಳುವ ಕಡೆ ಕೂರಿಸಿದ್ದರೆ ಸಾಕಿತ್ತು. ಎಣಿಕೆಗೆ ಒಂದು ಕಲ್ಲಿನಷ್ಟೂ ತೊಂದರೆಯಾಗುತ್ತಿರಲಿಲ್ಲ. ನಾಲ್ಕು ವರ್ಷ ನಾನು ಅದನ್ನು ಯೋಚಿಸಲಿಲ್ಲ. ಆವಿ ಎಣಿಸುವವನದು ಎಂದು ಅಪ್ಪ ಹೇಳಿದ್ದ, ನನಗೆ ಅಷ್ಟೇ ಗೊತ್ತಿತ್ತು.

ಮನೆಗೆ ಬಂದಾಗ ಅವಳು ಗೋಡೆಗೆ ಒರಗಿದ್ದಳು. "ಎಷ್ಟು ಬಂತು?"

"ಮುನ್ನೂರ ತೊಂಬತ್ತೊಂದು."

"ಅಷ್ಟು ಬೇಗ ಓಡಿದ್ರೆ ಯಾರಿಗೆ ಸಿಕ್ಕಿರ್ತದೆ?" ಎಂದಳು. ಕಂಬಳಿ ಎಳೆದುಕೊಂಡು ತಾನಾಗಿಯೇ ಹೇಳಿದಳು. "ಮರಿಯಪ್ಪನ ಕೈ ಕಲ್ಲು ಇದ್ದಂಗೆ. ಬಂದ ತಕ್ಷಣ ಬಿಟ್ಟುಬಿಟ್ರೆ ಅವನನ್ನ ಹಾಯ್ದು ಆಚೆಗೆ ಹೋಗ್ತದೆ, ಅವನಲ್ಲಿ ಒಂಚೂರೂ ಉಳಿಯಲ್ಲ. ಅವನ ಕೈ ಬೆಚ್ಚಗಾಗೋ ತನಕ ಹಿಡ್ಕೊಂಡು ಆಮೇಲೆ ಬಿಡ್ತಿದ್ದೆ. ಅವ್ವ ಹಂಗೇ ಹೇಳ್ಕೊಟ್ಟಿದ್ಲು. ನಿಂಗೆ ಗೊತ್ತು ಅಂದ್ಕೊಂಡಿದ್ದೆ. ನೀನು ಎಣಿಸೋನಲ್ವಾ."

ಹನ್ನೊಂದು ದಿನದ ಮೇಲೆ ಹೋದಳು. ಕೈಯಲ್ಲಿ ಅರ್ಧ ಬಿಚ್ಚಿದ ಚಾಪೆ ಇತ್ತು.

ಬಿಸಿಮನೆ ಎಂಟು ತಿಂಗಳಿಗೆ ಮುಗಿಯಿತು. ಕೆರೆ ಬಿಟ್ಟುಕೊಟ್ಟ ಜಾಗದಲ್ಲೇ, ಅವಳು ಜೊಂಡು ಕೊಯ್ಯುತ್ತಿದ್ದ ಕಡೆಯೇ ಕಟ್ಟಿದರು. ಗೋಡೆ ದಪ್ಪವಾಗಿಯೇ ಇತ್ತು. ಕುಲುಮೆಯೂ ಉರಿಯುತ್ತಿತ್ತು. ಚಳಿಯವರು ಮಂಚಗಳ ಮೇಲೆ ಬೆವರುತ್ತ, ನಡುಗುತ್ತ ಮಲಗಿದರು. ಒಂದು ತಿಂಗಳಲ್ಲಿ ಅರ್ಧ ಜನ ಮತ್ತೆ ಶಾಲೆಯ ಗೋಡೆಗೇ ಬಂದರು. ಅಲ್ಲಿ ಮಗ್ಗಿಯಾದರೂ ಕೇಳಿಸುತ್ತದೆ ಎಂದರು. ಊರಬಾಗಿಲ ಹಲಗೆಯ ಮೇಲೆ ಮುನ್ನೂರ ತೊಂಬತ್ತೊಂದರ ಪಕ್ಕ ಒಂದು ಮನೆಯ ಚಿತ್ರ ಬರೆಸಿದರು.

ಐದನೇ ವರ್ಷದ ಬೆಳಗ್ಗೆ ನಾನು ಮಡಕೆಗಳನ್ನು ಹೊತ್ತುಕೊಂಡು ಏರಿಗೆ ಹೋದಾಗ ಶಾಲೆಯ ಗೋಡೆ ಖಾಲಿಯಿತ್ತು. ಚಳಿಯವರೆಲ್ಲ ಕೆರೆಯಂಗಳಕ್ಕೆ ಇಳಿದಿದ್ದರು. ಕೆಳಗೆ ಉಳಿದಷ್ಟು ನೀರಿನ ಸುತ್ತ ಚುರುಕಿನ ಕೈಯವರು ಅಣಿಯಾಗುತ್ತಿದ್ದರು. ಇವರು ಅಲ್ಲಿಗೆ ಹೋಗದೆ ಮೇಲೆಯೇ ನಿಂತರು, ಐದು ವರ್ಷದ ಹಿಂದೆ ನೀರು ಇದ್ದ ಗೆರೆಗೆ. ಹೂಳಿನ ಬಣ್ಣ ಬದಲಾಗುವ ಕಡೆ ಆ ಗೆರೆ ಇನ್ನೂ ಕಾಣುತ್ತದೆ. ಏಳುನೂರಕ್ಕೂ ಹೆಚ್ಚು ಜನರಿದ್ದರು. ನಡೆಯಲಾಗದವರನ್ನು ಬಿಸಿಮನೆಯ ಮಂಚದ ಸಮೇತ ತಂದಿದ್ದರು. ಹಳೆಯ ತೂಬಿನ ಬುಡದಲ್ಲಿ ಒಂದು ಹೊಂಡವಿದೆ, ಊಟದ ಎಲೆಯಷ್ಟು ಅಗಲ. ಅದರ ಒಸರು ನಿಂತಿಲ್ಲ ಎಂದು ಮರಿಯಪ್ಪನೊಬ್ಬನಿಗೇ ಗೊತ್ತಿತ್ತು.

ಚಳಿ ಒಬ್ಬೊಬ್ಬರಿಗೆ ಒಂದೊಂದು ವೇಗದಲ್ಲಿ ಏರುತ್ತದೆ, ಅವನಿಗೆ ಇನ್ನೂ ಸೊಂಟದವರೆಗೆ ಮಾತ್ರ ಬಂದಿತ್ತು. ಅವನು ಕೋಲೂರಿಕೊಂಡು ಏರಿ ಹತ್ತಿ ನನ್ನ ಹತ್ತಿರ ಬಂದ. "ರಾಚಯ್ಯ, ನನ್ನ ಬಲಗಡೆ ಒಂದು ಜಾಗ ಖಾಲಿ ಐತೆ."

"ಬೇರೆ ಯಾರನ್ನಾದ್ರೂ ನಿಲ್ಲಿಸ್ಕೊ ಮಾವ."

"ಬಂದಿದ್ರು. ನಾನೇ ಬ್ಯಾಡ ಅಂದೆ."

ಕೆಳಗಿನಿಂದ ಯಜಮಾನರು ಕೂಗಿದರು. "ರಾಚಯ್ಯ, ಶುರುಮಾಡಾನ ಏನಪ್ಪಾ?" ಪಕ್ಕದಲ್ಲಿ ಕುಳಿತಿದ್ದ ಅಳತೆ ಮೇಡಂ ಪೆನ್ನಿನ ಮುಚ್ಚಳ ತೆಗೆದರು. ನಾನು ಮಡಕೆಗಳನ್ನು ಅವರ ಪಾದದ ಹತ್ತಿರ ಇಟ್ಟೆ. "ಎಲ್ಲಿಗೆ ಹೋಗ್ತೀರಿ? ಎಣಿಸೋರು ಯಾರು?" ಎಂದು ಕೇಳಿದರು. ಮರಿಯಪ್ಪನಿಗೆ ಹೆಗಲು ಕೊಟ್ಟು ಇಳಿಸಿಕೊಂಡು ಹೋದೆ.

ಎಣಿಸಲು ಶುರುಮಾಡಿದ ಮೇಲೆ ನಾನು ಸಾಲಿನಲ್ಲಿ ನಿಂತವನೇ ಅಲ್ಲ. ಬಲಗಡೆಗೆ ಯಾರದೋ ಮನೆಯ ಸೊಸೆ, ಮಂಡಿಯವರೆಗೆ ಉಣ್ಣೆ ಸುತ್ತಿಕೊಂಡಿದ್ದಳು. ಎಡಗಡೆಗೆ ಮರಿಯಪ್ಪ. ಅವನ ಕೈ ಗಿರಿಯಕ್ಕ ಹೇಳಿದಂತೆಯೇ ಇತ್ತು. ಹೊಂಡದಲ್ಲಿ ಯಾರೋ ಕೈ ಅದ್ದಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಬಿಸಿಲು ಏರಿತು. ಕೆಳಗಿನವರ ಸುತ್ತು ಮುಗಿದು ಅವರೆಲ್ಲ ಕೈಬಿಟ್ಟು, ಎಷ್ಟಾಯಿತು ಎಂದು ಗೊತ್ತಾಗದೆ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಆಮೇಲೆ ಗೆರೆಯ ಆಚೆ ತುದಿಯಲ್ಲಿ ಒಂದು ಹೆಗಲು ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಅದರ ಪಕ್ಕದ್ದು. ಬಿಸುಪು ಒಂದು ಮಂಚದ ಹತ್ತಿರ ಬಂದು ತುಂಬ ಹೊತ್ತು ನಿಂತಿತು. ಯಾರೂ ಕೂಗಲಿಲ್ಲ.

ನನಗೆ ಬಂದಾಗ ಅದು ತೆಳ್ಳಗಿತ್ತು, ನಿನ್ನೆಯ ಒಲೆಯ ಬೂದಿಯಲ್ಲಿ ಕೈಯಿಟ್ಟಂತೆ. ತೋಳಿಗೆ ಏರಿ, ಎದೆ ಹಾಯ್ದು, ಎಡಗೈಯ ಬೆರಳುಗಳಿಗೆ ಬಂತು. ಅಲ್ಲಿಂದ ಆಚೆಗೆ ಓಡಲು ಹವಣಿಸಿತು. ಅದನ್ನು ಹಿಡಿದಿಟ್ಟುಕೊಳ್ಳುವುದು ಸುಲಭವಲ್ಲ ಎಂದು ನನಗೆ ಗೊತ್ತಿರಲಿಲ್ಲ. ತುಂಬಿದ ಬಿಂದಿಗೆಯನ್ನು ಚಾಚಿದ ಕೈಯಲ್ಲಿ ಹಿಡಿದಂತೆ ರಟ್ಟೆ ನಡುಗಿತು.

"ಬಿಡ್ಲಾ ಮಾವ?" ಎಂದೆ.

"ಇನ್ನೂ ಇಲ್ಲ ಕಣಪ್ಪ" ಎಂದ ಮರಿಯಪ್ಪ.

ಹಿಡಿದುಕೊಂಡೇ ನಿಂತೆ. ಎಷ್ಟು ಉಸಿರು ಎಂದು ನನಗೆ ಗೊತ್ತಿಲ್ಲ.